ಒಡೆಯಬೇಕಿದ್ದ ಬಾಟಲಿ

ಫೆಬ್ರವರಿ 4

ಮಗಳಿಗೆ ಆಶೀರ್ವಾದಗಳು.

ನನ್ನ ಕೈಬರಹ ನೋಡಿ ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ನೆಟ್ಟಗಿದ್ದೇವೆ. ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ", "ಆಯ್ತು", "ಇರು, ಅಮ್ಮನಿಗೆ ಕೊಡ್ತೀನಿ" ಎಂದು ಮುಗಿಸಿಬಿಡುತ್ತೇವೆ. ಇದು ಅಷ್ಟರಲ್ಲಿ ಮುಗಿಯುವ ಮಾತಲ್ಲ. ಅದಕ್ಕೇ ಕಾಗದ.

ಹೋದ ಭಾನುವಾರ ದೊರೆ ಬಂದಿದ್ದ. ಮೂವತ್ತು ವರ್ಷ ರಾಜನ ಪಾರ್ಟು ಮಾಡಿ ಮಾಡಿ ಅವನ ಹೆಂಡತಿಯೂ ಅವನನ್ನು ದೊರೆ ಅಂತಲೇ ಕರೆಯುತ್ತಾಳೆ, ನಿನಗೆ ಗೊತ್ತಲ್ಲ. ಬಾಗಿಲಲ್ಲೇ ನಿಂತು, "ಏನಯ್ಯಾ ಕನ್ನಡಕದ ಡಾಕ್ಟ್ರೇ, ಒಳಗೆ ಬರಬಹುದೋ?" ಅಂದ. ನಾನು ಅವನ ಎಡಗಡೆ ನಿಂತು "ಬಾ" ಅಂದೆ. ಕೇಳಿಸಲಿಲ್ಲ. ಬಲಗಡೆಗೆ ಹೋಗಿ ಇನ್ನೊಂದು ಸಲ ಹೇಳಿದೆ.

ರಂಗಮಂದಿರದವರು ಆ ಹಳೆಯ ನಾಟಕವನ್ನು ಮತ್ತೆ ಆಡಿಸುತ್ತಾರಂತೆ. ಜುಲೈ ತಿಂಗಳ ಮೊದಲ ಶನಿವಾರ. ಅಣ್ಣನ ಪಾತ್ರ ದೊರೆಯದೇ. ಇದೇ ಕಡೆಯ ಸಲ, ಆಮೇಲೆ ಬಣ್ಣ ಹಚ್ಚುವುದಿಲ್ಲ ಎನ್ನುತ್ತಾನೆ. ಅದಕ್ಕೆ ನಾನು ಬಾಟಲಿ ಮಾಡಿಕೊಡಬೇಕಂತೆ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಒಂಬತ್ತು ವರ್ಷದಿಂದ ನಮ್ಮ ಮನೆಯಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಆಡಿಲ್ಲ. ಮೂರನೇ ಅಂಕದಲ್ಲಿ ತಂಗಿ ಅಣ್ಣನ ತಲೆಗೆ ಬಾಟಲಿಯಿಂದ ಹೊಡೆಯಬೇಕು. ಬಾಟಲಿ ಸಕ್ಕರೆಯದು, ನಾನು ಮಾಡಿದ್ದು. ತಾಕಿದ ಕೂಡಲೇ ಪುಡಿಪುಡಿಯಾಗಬೇಕು, ಜನ ಹೌಹಾರಬೇಕು, ದೊರೆ ಗಾಜಿನ ಚೂರು ಕೊಡವಿಕೊಂಡು ಎದ್ದು ಮಾತಾಡಬೇಕು. ನೂರಾ ಹನ್ನೆರಡು ಪ್ರಯೋಗಗಳಲ್ಲಿ ಹಾಗೇ ಆಗಿತ್ತು. ನೂರಾ ಹದಿಮೂರನೆಯದರಲ್ಲಿ ಬಾಟಲಿ ಒಡೆಯಲಿಲ್ಲ. ದೊಣ್ಣೆಯ ಹಾಗೆ ಕಿವಿಯ ಮೇಲೆ ಬಿತ್ತು. ದೊರೆ ಎದ್ದ, ಮಾತೂ ಆಡಿದ, ಪರದೆ ಬಿದ್ದ ಮೇಲೆ ಕುಸಿದ. ಎಡಗಿವಿ ಹೋಯಿತು.

ಮಾರನೇ ದಿನ ನಾನು ರಂಗಮಂದಿರದ ಸಾಮಾನು ಕೋಣೆಯ ಕೀಲಿಕೈ ಕೊಟ್ಟು, ಕೆಲಸ ಬಿಟ್ಟು ಬಂದೆ. ಅವತ್ತಿನಿಂದ ಕನ್ನಡಕದ ಅಂಗಡಿ, ಮಸೂರ ಉಜ್ಜುವ ಕೆಲಸ. ಒಡೆಯದೆ ಇದ್ದರೆ ಮೆಚ್ಚುಗೆ ಸಿಗುವ ಗಾಜು.

ದೊರೆಗೆ ಹೇಳಿದೆ, ಈಗ ಪ್ಲಾಸ್ಟಿಕ್ ಜಾತಿಯ ಬಾಟಲಿ ಸಿಗುತ್ತೆ, ಅದನ್ನೇ ತರಿಸಿಕೋ ಅಂತ. "ಅದು ಒಡೆದ್ರೆ ಬಿಸ್ಕತ್ತು ಮುರಿದ ಹಾಗೆ ಸದ್ದು ಬರುತ್ತೆ ಕಣಯ್ಯಾ. ನಿಂದು ಗಾಜಿನ ಸದ್ದು. ನೀನು ಮಾಡಿಕೊಟ್ರೆ ಆಡ್ತೀನಿ, ಇಲ್ದಿದ್ರೆ ಇಲ್ಲ," ಎಂದು ಟೀ ಕುಡಿದು ಎದ್ದು ಹೋದ.

ಯಾಕೆ ಒಡೆಯಲಿಲ್ಲ ಎಂದು ತಿಳಿಯದೆ ಇನ್ನೊಂದು ಬಾಟಲಿಯನ್ನು ಅದೇ ತಲೆಯ ಹತ್ತಿರಕ್ಕೆ ಕಳಿಸುವ ಎದೆ ನನಗಿಲ್ಲ. ಆ ಸಲ ಪಾಕ ಹರಳುಗಟ್ಟುತ್ತಿತ್ತೆಂದು ಲಿಕ್ವಿಡ್ ಗ್ಲೂಕೋಸನ್ನು ಒಂದು ಸೌಟು ಜಾಸ್ತಿ ಹಾಕಿದ್ದೆ. ಅದೇ ಕಾರಣ ಎಂದು ನನ್ನನ್ನು ನಾನೇ ಬೈದುಕೊಂಡು ಬಂದಿದ್ದೇನೆ. ಖಾತ್ರಿ ಇಲ್ಲ. ನೀನು ಓದುತ್ತಿರುವುದೂ ಸಕ್ಕರೆಯ ಗಾಜಂತೆ, ಅಮ್ಮ ಹೇಳಿದಳು. ನೀನೇ ಹೇಳು, ಅವತ್ತು ಅದು ಯಾಕೆ ಒಡೆಯಲಿಲ್ಲ?

ಇಂತಿ,
ಅಪ್ಪ

(ಅಮ್ಮ ಬರೆದದ್ದು: ಈ ಕಾಗದ ಬರೆಯೋಕೆ ನಿಮ್ಮಪ್ಪ ನಾಲ್ಕು ಹಾಳೆ ಹರಿದ. ಐದನೆಯದನ್ನು ನಾನು ಕಿತ್ತುಕೊಂಡು ಲಕೋಟೆಗೆ ಹಾಕಿದೆ.)


ಫೆಬ್ರವರಿ 13

ಅಪ್ಪನಿಗೆ ನಮಸ್ಕಾರ.

ಕಾಗದ ತಲುಪಿತು. ಎರಡು ಸಲ ಓದಿದೆ. ನನಗೆ ತಿಳಿದಷ್ಟು ಬರೆಯುತ್ತೇನೆ.

ನೀವು ಪಾಕವನ್ನು ಗಟ್ಟಿಯಾಗಿ ಕುದಿಸಿ ಬೇಗ ಆರಿಸಿದಾಗ ಸಕ್ಕರೆಯ ಕಣಗಳಿಗೆ ಸಾಲಾಗಿ ನಿಲ್ಲಲು ಪುರುಸೊತ್ತು ಸಿಗುವುದಿಲ್ಲ. ತುಂಬಿದ ಬಸ್ಸಿನಲ್ಲಿ ಸಿಕ್ಕಿಕೊಂಡ ಜನರ ಹಾಗೆ, ಯಾರು ಹೇಗಿದ್ದರೋ ಹಾಗೇ ನಿಂತುಬಿಡುತ್ತವೆ. ಅದೇ ಗಾಜು. ಆದರೆ ನಿಂತ ಮೇಲೂ ಅವು ಸುಮ್ಮನಿರುವುದಿಲ್ಲ. ತಿಂಗಳುಗಟ್ಟಲೆ ಒಂದಿಷ್ಟು ಸರಿದು, ಒಂದಿಷ್ಟು ಒರಗಿ ಜಾಗ ಮಾಡಿಕೊಳ್ಳುತ್ತವೆ. ಇದಕ್ಕೆ ನಮ್ಮಲ್ಲಿ ರಿಲಾಕ್ಸೇಷನ್ ಅನ್ನುತ್ತಾರೆ. ನಾನು ಮನಸ್ಸಿನಲ್ಲಿ ಸುಧಾರಿಸಿಕೊಳ್ಳುವುದು ಅಂದುಕೊಳ್ಳುತ್ತೇನೆ.

ಎಷ್ಟು ಬೇಗ ಸುಧಾರಿಸಿಕೊಳ್ಳುತ್ತವೆ ಎನ್ನುವುದು ಎರಡರ ಮೇಲೆ ನಿಂತಿದೆ. ಒಂದು, ಕಣದ ಕಟ್ಟು. ನಮ್ಮ ಅಡುಗೆಮನೆಯ ಸಕ್ಕರೆಯ ಕಣದಲ್ಲಿ ಎರಡು ಉಂಗುರ ಸೇರಿಕೊಂಡಿವೆ. ನಾನು ಕೆಲಸ ಮಾಡುವ ಟ್ರೆಹಲೋಸ್ ಎಂಬ ಸಕ್ಕರೆಯಲ್ಲೂ ಎರಡೇ ಉಂಗುರ, ಆದರೆ ಕೊಂಡಿ ಹಾಕಿರುವ ರೀತಿ ಬೇರೆ. ಅಷ್ಟಕ್ಕೇ ಅದು ಹೆಚ್ಚು ಬಿಸಿ ತಡೆಯುತ್ತದೆ. ಗ್ಲೂಕೋಸ್ ಪಾಕದಲ್ಲಿ ಚಿಕ್ಕ ಕಣಗಳೂ ಇವೆ, ಉದ್ದದ ಸರಗಳೂ ಇವೆ. ಹಾಗಾಗಿ ಒಂದು ಸೌಟಿನಿಂದ ಏನಾಗುತ್ತದೆ ಎಂದು ಅಳೆಯದೆ ಹೇಳಲಾರೆ. ಎರಡನೆಯದು ನೀರು. ನೀರಿನ ಕಣ ಬಹಳ ಸಣ್ಣದು, ಎಲ್ಲಿ ಬೇಕಾದರೂ ನುಸುಳಿ ಎಲ್ಲರನ್ನೂ ಸಡಿಲ ಮಾಡುತ್ತದೆ. ನೀರು ಹೆಚ್ಚಿದಷ್ಟೂ ಗಾಜು ಕಡಿಮೆ ಬಿಸಿಗೇ ಮೆತ್ತಗಾಗುತ್ತದೆ.

ನನ್ನ ಕೆಲಸದ ಬಗ್ಗೆ ಕೇಳಿರಲಿಲ್ಲ, ಆದರೂ ಹೇಳುತ್ತೇನೆ. ಲಸಿಕೆಯನ್ನು ಸಕ್ಕರೆಯ ಗಾಜಿನೊಳಗೆ ಒಣಗಿಸಿಟ್ಟರೆ ಐಸ್ ಪೆಟ್ಟಿಗೆ ಇಲ್ಲದೆ ದೂರದವರೆಗೆ ಒಯ್ಯಬಹುದು. ಅದಕ್ಕೆ ಎರಡು ವರ್ಷದಿಂದ ಒದ್ದಾಡುತ್ತಿದ್ದೇನೆ. ಪೂರ್ತಿ ಒಣಗಿಸಿದ ಮಾದರಿಗಳೂ ಬಿಸಿಪೆಟ್ಟಿಗೆಯಲ್ಲಿ ಆರು ವಾರಕ್ಕೇ ಕೆಡುತ್ತಿವೆ. ನಮ್ಮ ಲ್ಯಾಬಿನ ಮೇಡಂ ಈಗ ಬೈಯುವುದನ್ನೂ ಬಿಟ್ಟಿದ್ದಾರೆ. ಅದು ಒಳ್ಳೆಯ ಲಕ್ಷಣವಲ್ಲ.

ಆ ಸಲ ಮಾಡಿದ ಬಾಟಲಿಗಳಲ್ಲಿ ಯಾವುದಾದರೂ ಉಳಿದಿದೆಯೇ? ಇದ್ದರೆ ಕಳಿಸಿ. ನೀವು ಮಾಡುವ ರೀತಿಯನ್ನೂ ಬರೆಯಿರಿ, ಒಂದನ್ನೂ ಬಿಡದೆ.

ನಿಮ್ಮ ಮಗಳು


ಫೆಬ್ರವರಿ 27

ಮಗಳೇ,

ಒಂದು ಉಳಿದಿದೆ. ಆ ಸಲ ಆರು ಮಾಡಿದ್ದೆ, ಅದೇ ಡಬ್ಬದಲ್ಲಿ ಕಡೆಯದು ಹಾಗೇ ಇದೆ. ಡಬ್ಬವನ್ನು ಅಟ್ಟದ ಮೇಲಿಟ್ಟು ಒಂಬತ್ತು ವರ್ಷ ಆ ಕಡೆ ಕತ್ತೆತ್ತಿ ನೋಡಿರಲಿಲ್ಲ. ಈಗ ತೆಗೆದೆ. ಮೈಮೇಲೆ ತೆಳ್ಳಗೆ ಬಿಳಿ ಪೊರೆ ಬಂದಿದೆ, ಒಳಗೆ ತಿಳಿಯಾಗಿಯೇ ಇದೆ. ಹತ್ತಿಯಲ್ಲಿ ಸುತ್ತಿ, ತೇವ ಹೀರಲು ಸುಣ್ಣದ ಗಂಟು ಜೊತೆಗಿಟ್ಟು ಕಳಿಸಿದ್ದೇನೆ. ಅಂಚೆ ಕಚೇರಿಯಾಕೆ "ಒಳಗೇನಿದೆ, ಒಡೆಯೋ ಸಾಮಾನಾ?" ಎಂದು ಕೇಳಿದಳು. "ಅದನ್ನ ತಿಳ್ಕೊಳ್ಳೋಕೇ ಕಳಿಸ್ತಿರೋದಮ್ಮ," ಅಂದೆ.

ಮಾಡುವ ರೀತಿ ಕೇಳಿದ್ದೀಯ. ದಪ್ಪ ತಳದ ಪಾತ್ರೆ. ಸಕ್ಕರೆ, ನೀರು, ಗ್ಲೂಕೋಸ್. ಕುದಿಯುವಾಗ ಸೌಟು ಆಡಿಸಬಾರದು. ಥರ್ಮಾಮೀಟರ್ ಇದೆ, ಆದರೆ ನಾನು ನಂಬುವುದು ಕಿವಿಯನ್ನು. ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟರೆ ಚಟ್ ಅನ್ನಬೇಕು. ಆಮೇಲೆ ಎರಡು ಹೋಳಿನ ಅಚ್ಚಿಗೆ ಹುಯ್ದು, ತಿರುಗಿಸಿ, ಹೆಚ್ಚಾದ್ದನ್ನು ಬಗ್ಗಿಸಿ ತೆಗೆಯುವುದು. ಗೋಡೆ ಎರಡು ಮಿಲಿಮೀಟರ್.

ಒಂದನ್ನೂ ಬಿಡಬೇಡಿ ಅಂದಿದ್ದೀಯ ಎಂದು ಇದನ್ನೂ ಬರೆಯುತ್ತೇನೆ, ನಗಬೇಡ. ಅಚ್ಚಿನಿಂದ ಬಿಡಿಸಿದ ಮೇಲೆ ಬಾಟಲಿಗೆ ಉಸಿರು ಕುಡಿಸುತ್ತೇನೆ. ಅಂದರೆ ಒದ್ದೆ ಬಟ್ಟೆ ಹಾಸಿದ ಪೆಟ್ಟಿಗೆಯಲ್ಲಿ, ಬಟ್ಟೆಗೆ ತಾಕದ ಹಾಗೆ ಮೇಲೆ ತೂಗುಹಾಕಿ, ನಾನು ಒಂದು ಲೋಟ ಟೀ ಕುಡಿದು ಮುಗಿಸುವವರೆಗೆ ಬಿಡುವುದು. ಆಮೇಲೆ ಸುಣ್ಣದ ಗಂಟಿನ ಜೊತೆ ಡಬ್ಬಕ್ಕೆ. ನನಗೆ ಕಲಿಸಿದ ಮೇಷ್ಟ್ರು ಹಾಗೇ ಮಾಡುತ್ತಿದ್ದರು. ಮಾಡದಿದ್ದರೆ ಮೂರು ದಿನಕ್ಕೆ ಕಪಾಟಿನಲ್ಲಿ ತಾನಾಗಿಯೇ ಬಿರುಕು ಬಿಡುತ್ತದೆ. ಯಾಕೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಡಬ್ಬದ ತಳದಲ್ಲಿ ನಿನಗೆಂದು ಎತ್ತಿಡುತ್ತಿದ್ದ ಒಡಕು ಚೂರುಗಳೂ ಸಿಕ್ಕವು. ಶಾಲೆಯಿಂದ ಬಂದವಳೇ ಕೈತೊಳೆಯದೆ ಡಬ್ಬಕ್ಕೆ ಕೈಹಾಕುತ್ತಿದ್ದೆ. ದೊರೆ ನಿನ್ನನ್ನು ಚೂರಮ್ಮ ಎಂದು ಕರೆಯುತ್ತಿದ್ದದ್ದು ನೆನಪಾಯಿತು. ಅವು ಈಗ ಅಂಟಿಕೊಂಡು ಒಂದೇ ಗಟ್ಟಿಯಾಗಿವೆ.

ಇಂತಿ,
ಅಪ್ಪ

(ಅಮ್ಮ: ನಿಮ್ಮಪ್ಪ ಟೀ ಕುಡಿಯೋಕೆ ಕಾರಣ ಹುಡುಕಿಕೊಂಡದ್ದು ಬಿಟ್ಟರೆ ಇದರಲ್ಲಿ ವಿಜ್ಞಾನ ಏನೂ ಇಲ್ಲ.)


ಮಾರ್ಚ್ 9

ಅಪ್ಪ,

ಪಾರ್ಸೆಲ್ ಬಂದು ಐದು ದಿನವಾಯಿತು. ಬಿಚ್ಚಿಲ್ಲ. ಬಿಚ್ಚುವ ಮೊದಲು ಒಂದು ಹೇಳಬೇಕು. ಹೇಳದೆ ಅಳೆದರೆ ಆ ಲೆಕ್ಕಕ್ಕೆ ಅರ್ಥವಿಲ್ಲ.

ಅವತ್ತು ಡಬ್ಬದ ಮುಚ್ಚಳ ತೆಗೆದವಳು ನಾನು.

ಮಧ್ಯಾಹ್ನ ಸಾಮಾನು ಕೋಣೆಗೆ ಬಂದಿದ್ದೆ. ನೀವು ಲೈಟಿನವರ ಹತ್ತಿರ ಮಾತಾಡುತ್ತಿದ್ದಿರಿ. ತಳದಲ್ಲಿದ್ದ ಒಂದು ಚೂರು ಎತ್ತಿ ಬಾಯಿಗೆ ಹಾಕಿಕೊಂಡೆ. ಹದಿನೆಂಟು ವರ್ಷದ ಕೋಣ, ಇನ್ನೂ ಚೂರು ಚೀಪುವ ಚಪಲ. ಅಷ್ಟರಲ್ಲಿ ಯಾರೋ ಕರೆದರು, ಹೋದೆ. ಹೊರಗೆ ಜೋರು ಮಳೆ. ಮೂರು ಗಂಟೆ ಬಿಟ್ಟು ಬಂದು ನೋಡಿದಾಗ ಮುಚ್ಚಳ ಪಕ್ಕದಲ್ಲೇ ಬಿದ್ದಿತ್ತು. ಒತ್ತಿ ಮುಚ್ಚಿದೆ, ಯಾರಿಗೂ ಹೇಳಲಿಲ್ಲ.

ಆಟ ಮುಗಿದ ಮೇಲೆ ಸೈಡ್ ವಿಂಗಿನಲ್ಲಿ ಎಲ್ಲರ ಎದುರಿಗೆ ನೀವು ಕೇಳಿದಿರಿ, "ಡಬ್ಬ ಯಾರಾದ್ರೂ ತೆಗೆದಿದ್ರಾ?" ನನ್ನ ಕಡೆಯೇ ನೋಡುತ್ತಿದ್ದಿರಿ. ನಾನು "ನಾನಲ್ಲ" ಅಂದೆ. ದೊರೆ ಮಾವ ನೆಲದ ಮೇಲೆ ಕಿವಿ ಹಿಡಿದುಕೊಂಡು ಕೂತಿದ್ದರು. ನೀವು ತಲೆಯಾಡಿಸಿದಿರಿ. ಮಾರನೇ ದಿನ ಕೀಲಿಕೈ ಕೊಟ್ಟು ಬಂದಿರಿ.

ನಾನು ಈ ವಿಷಯವನ್ನೇ ಯಾಕೆ ಓದಲು ತೆಗೆದುಕೊಂಡೆ ಎಂದು ಮೇಡಂ ಒಮ್ಮೆ ಕೇಳಿದ್ದರು. ಲಸಿಕೆಯ ಕಥೆ ಹೇಳಿದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮೂರು ಗಂಟೆಯಲ್ಲಿ ಎಷ್ಟು ನೀರು ಒಳಗೆ ಹೋಗಬಹುದು ಎನ್ನುವ ಲೆಕ್ಕವನ್ನು ನೂರು ಸಲ ಬರೆದು ಅಳಿಸಿದ್ದೇನೆ. ಕೈಯಲ್ಲಿ ಬಾಟಲಿ ಇಲ್ಲದೆ ಲೆಕ್ಕ ಮುಗಿಯುತ್ತಿರಲಿಲ್ಲ. ಈಗ ಬಾಟಲಿ ಬಂದಿದೆ, ನನಗೆ ಬಿಚ್ಚಲು ಭಯವಾಗುತ್ತಿದೆ.

ನಿಮ್ಮ ಕೆಲಸ ಹೋದದ್ದು ನನ್ನಿಂದ. ದೊರೆ ಮಾವನ ಕಿವಿ ಹೋದದ್ದು ನನ್ನಿಂದ. ಸುಳ್ಳು ಹೇಳಿದ್ದು ಇವೆರಡಕ್ಕಿಂತ ಹೆಚ್ಚು ಸುಡುತ್ತದೆ.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ನಿಮ್ಮ ಮಗಳು


ಮಾರ್ಚ್ 24

ಮಗಳೇ,

ಅಮ್ಮ ಬರೆಯುತ್ತಿರುವುದು. ಈ ಸಲ ಪೂರ್ತಿ ಕಾಗದ ನನ್ನದೇ.

ನಿನ್ನ ಕಾಗದ ಓದಿ ನಿಮ್ಮಪ್ಪ ಎರಡು ದಿನ ಅದನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗಿದ. ಮೂರನೇ ದಿನ ಅಂಗಡಿಗೆ ರಜೆ ಹಾಕಿ, ಅಟ್ಟ ಹತ್ತಿ, ಆ ದಪ್ಪ ತಳದ ಪಾತ್ರೆಯನ್ನೂ ಅಚ್ಚನ್ನೂ ಇಳಿಸಿದ. ಈಗ ನನ್ನ ಒಲೆ ನನ್ನ ಕೈಯಲ್ಲಿಲ್ಲ. ಕಾಲಿಟ್ಟಲ್ಲೆಲ್ಲ ಸಕ್ಕರೆ.

ಕೇಳಿದರೆ "ಇರು ಮಾರಾಯ್ತಿ" ಅನ್ನುತ್ತಾನೆ. ಕೋಪವಿದೆಯೋ ಇಲ್ಲವೋ ನನಗೂ ತಿಳಿಯುತ್ತಿಲ್ಲ. ಆದರೆ ಒಂಬತ್ತು ವರ್ಷದ ಮೇಲೆ ಅವನು ಒಲೆಯ ಮುಂದೆ ನಿಂತು ಶಿಳ್ಳೆ ಹಾಕುವುದನ್ನು ಕೇಳಿದೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಪಾರ್ಸೆಲ್ ಬಿಚ್ಚು.

ಅಮ್ಮ


ಏಪ್ರಿಲ್ 2

ಮಗಳೇ,

ತಡವಾಯಿತು. ಬಾಯಿಗೆ ಬಂದದ್ದನ್ನು ಬರೆಯಬಾರದೆಂದು ತಡೆದೆ.

ಕೋಪ ಬಂತು. ಬಂದಿಲ್ಲ ಅಂದರೆ ನಾನೂ ಸುಳ್ಳು ಹೇಳಿದಂತೆ. ಮುಚ್ಚಳಕ್ಕಲ್ಲ. ಮುಚ್ಚಳ ಮರೆಯುವುದು ಯಾರಿಗಾದರೂ ಆಗುತ್ತದೆ. ಒಂಬತ್ತು ವರ್ಷ ನೀನು ಇದನ್ನು ಒಬ್ಬಳೇ ಹೊತ್ತುಕೊಂಡು ತಿರುಗಿದೆಯಲ್ಲ, ಅದಕ್ಕೆ ಕೋಪ. ನಾನು ಅಷ್ಟು ಜನರ ಎದುರು ಕೇಳಬಾರದಿತ್ತು. ಮನೆಗೆ ಬಂದು ಕೇಳಿದ್ದರೆ ನೀನು ಹೇಳುತ್ತಿದ್ದೆ. ಅದು ನನ್ನ ತಪ್ಪು.

ಆಮೇಲೆ ಇನ್ನೊಂದು ಯೋಚನೆ ಬಂತು. ಲ್ಯಾಬಿಲ್ಲದಿದ್ದರೇನು, ಒಲೆ ಇದೆಯಲ್ಲ. ಅದೇ ಅಳತೆಯಲ್ಲಿ, ಆ ಹೆಚ್ಚಿನ ಸೌಟು ಗ್ಲೂಕೋಸನ್ನೂ ಸೇರಿಸಿ, ಆರು ಬಾಟಲಿ ಮಾಡಿದೆ. ಬಚ್ಚಲುಮನೆಯಲ್ಲಿ ಬಿಸಿನೀರಿನ ಆವಿ ತುಂಬಿಸಿ, ಮುಚ್ಚಳ ತೆಗೆದ ಡಬ್ಬವನ್ನು ಮೂರು ಗಂಟೆ ಇಟ್ಟೆ. ಬಾಟಲಿಯ ಮೈ ಅಂಟಂಟಾಯಿತು. ಹೂವಿನ ಕುಂಡವೊಂದನ್ನು ಬೋರಲು ಹಾಕಿ, ಟವೆಲ್ ಸುತ್ತಿ, ದೊರೆಯ ತಲೆ ಎಂದುಕೊಂಡು ಹೊಡೆದೆ. ಬಾಟಲಿ ಒಡೆಯಿತು ಕಣೇ. ಇನ್ನೊಂದು ತೆಗೆದು ಹೊಡೆದೆ, ಅದೂ ಪುಡಿಪುಡಿ. ಅಡುಗೆಮನೆಯಲ್ಲಿ ಒಬ್ಬನೇ ಕೂತು ಅತ್ತುಬಿಟ್ಟೆ.

ಹಾಗಾದರೆ ಅವತ್ತು ಬೇರೆ ಏನಾಗಿತ್ತು? ಅವತ್ತು ಬೆಳಗಿನಿಂದ ನಡೆದದ್ದನ್ನು ಒಂದೊಂದಾಗಿ ನೆನಪು ಮಾಡಿಕೊಂಡೆ. ಮೂರನೇ ದಿನ ಹಲ್ಲುಜ್ಜುವಾಗ ಹೊಳೆಯಿತು. ಬಾಟಲಿ ಯಾವತ್ತೂ ವೇದಿಕೆಯ ಮೇಜಿನ ಮೇಲಿರುತ್ತಿತ್ತು. ಅವತ್ತು ಮೇಜಿನ ಕಾಲು ಮುರಿದಿತ್ತು. ತಂಗಿ ಪಾತ್ರದ ಹುಡುಗಿ ಓಡಿಬಂದು "ಎಲ್ಲಿಡ್ಲಿ?" ಅಂದಳು. ನಾನು ಸುತ್ತಿಗೆ ಹುಡುಕುತ್ತ, "ಶಾಲೊಳಗೆ ಸೊಂಟಕ್ಕೆ ಸಿಕ್ಕಿಸ್ಕೊಂಡಿರಮ್ಮ," ಅಂದೆ. ಅಷ್ಟೇ. ಅವಳು ಅಂಕ ಶುರುವಾದಾಗಿನಿಂದ ಅದನ್ನು ಮೈಗೆ ಒತ್ತಿಕೊಂಡು ಲೈಟಿನ ಕೆಳಗೆ ಓಡಾಡಿದ್ದಾಳೆ, ನಲವತ್ತು ನಿಮಿಷ. ಅಂಥ ಸಣ್ಣ ಮಾತು ನೋಡು, ಆಡಿದವನಿಗೇ ಮರೆತುಹೋಗಿತ್ತು.

ಆವಿಗಿಟ್ಟಿದ್ದ ಇನ್ನೊಂದು ಬಾಟಲಿಯನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು, ಮೇಲೆ ಅಮ್ಮನ ಶಾಲು ಹೊದ್ದು, ಮಹಡಿಯ ಮೆಟ್ಟಿಲು ಹತ್ತಿ ಇಳಿದು ನಲವತ್ತು ನಿಮಿಷ ಕಳೆದೆ. ಪಕ್ಕದ ಮನೆಯವರು ಏನಂದುಕೊಂಡರೋ. ಬಂದು ಕುಂಡಕ್ಕೆ ಹೊಡೆದೆ.

ಕುಂಡ ಒಡೆಯಿತು. ಬಾಟಲಿ ಒಡೆಯಲಿಲ್ಲ.

ಇಂತಿ,
ಅಪ್ಪ

(ಅಮ್ಮ: ಕುಂಡ ನನ್ನದು. ಅದರಲ್ಲಿದ್ದ ಗುಲಾಬಿ ಈಗ ಬಕೆಟ್ಟಿನಲ್ಲಿದೆ.)


ಏಪ್ರಿಲ್ 28

ಅಪ್ಪ,

ನಿಮ್ಮ ಕಾಗದವನ್ನು ಕ್ಯಾಂಟೀನಿನಲ್ಲಿ ಓದಿದೆ. ನಗು ಅಳು ಎರಡೂ ಒಟ್ಟಿಗೆ ಬಂದು, ಕ್ಯಾಂಟೀನಿನವರು ನೀರು ತಂದುಕೊಟ್ಟರು.

ಪಾರ್ಸೆಲ್ ಬಿಚ್ಚಿ, ಬಿಳಿ ಪೊರೆಯ ಒಳಗಿದ್ದ ಗಾಜನ್ನು ಅಳೆದೆ. ಲೆಕ್ಕ ಇದು. ಒಣಗಿದ ಸಕ್ಕರೆಯ ಗಾಜು ಅರವತ್ತು ಡಿಗ್ರಿ ದಾಟಿದ ಮೇಲೆ ಮೆತ್ತಗಾಗುತ್ತದೆ. ನಿಮ್ಮ ಬಾಟಲಿಯಲ್ಲಿ ಮೊದಲೇ ನೂರಕ್ಕೆ ಮೂರು ಪಾಲು ನೀರಿತ್ತು, ಜೊತೆಗೆ ಹೆಚ್ಚಿನ ಗ್ಲೂಕೋಸ್ ಬೇರೆ. ಹಾಗಾಗಿ ಅದು ಮೆತ್ತಗಾಗುವ ಗೆರೆ ನಲವತ್ತಮೂರಕ್ಕೆ ಇಳಿದಿತ್ತು. ಮುಚ್ಚಳ ತೆರೆದದ್ದರಿಂದ ಇನ್ನೂ ಮೂರೋ ನಾಲ್ಕೋ ಡಿಗ್ರಿ ಹೋಗಿರಬೇಕು. ಉಳಿದದ್ದು ಮೈಯ ಬಿಸಿಗಿಂತ ಸ್ವಲ್ಪವೇ ಮೇಲೆ. ಶಾಲಿನೊಳಗೆ ಬೆವರಿನ ತೇವವೂ ಸೇರಿ ಆ ಸ್ವಲ್ಪವೂ ಹೋಯಿತು. ಬಸ್ಸಿನಲ್ಲಿ ನಿಂತವರೆಲ್ಲ ಸಲೀಸಾಗಿ ಸರಿದಾಡತೊಡಗಿದರು, ಏಟು ಬಿದ್ದಾಗ ಒಡೆಯುವ ಬದಲು ಬಾಗಿದರು.

ಯಾರದು ತಪ್ಪು ಎಂದು ಎಷ್ಟು ಗೀಚಿದರೂ ಒಬ್ಬರ ಹೆಸರು ಬರುತ್ತಿಲ್ಲ. ಶಾಲಿಲ್ಲದಿದ್ದರೆ ನನ್ನ ಮುಚ್ಚಳದಿಂದ ಏನೂ ಆಗುತ್ತಿರಲಿಲ್ಲ. ನನ್ನ ಮುಚ್ಚಳವಿಲ್ಲದಿದ್ದರೆ ಶಾಲಿನಿಂದಲೂ ಆಗುತ್ತಿರಲಿಲ್ಲವೇನೋ. ನನ್ನ ಪಾಲನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ಅದು ಪಾಲು, ಪೂರ್ತಿಯಲ್ಲ. ಇದನ್ನು ಬರೆಯುವಾಗ ಕೈ ಹಗುರವಾಯಿತು.

ಇನ್ನೊಂದು ವಿಷಯ. ನಿಮ್ಮ ಉಸಿರು ಕುಡಿಸುವ ವಿದ್ಯೆಗೆ ಅಮ್ಮ ನಕ್ಕರು, ನಾನು ನಗಲಿಲ್ಲ. ಪೂರ್ತಿ ಒಣಗಿಸಿದ ಗಾಜಿನಲ್ಲಿ ಕಣಗಳ ನಡುವೆ ಸಣ್ಣ ಸಣ್ಣ ಸಂದುಗಳು ಉಳಿಯುತ್ತವೆ. ಅಲ್ಲಿ ಅವು ನಿಂತಲ್ಲೇ ಕೈಕಾಲು ಆಡಿಸುತ್ತಿರುತ್ತವೆ. ಆ ಅಲ್ಲಾಟವೇ ಒಳಗಿರುವ ಲಸಿಕೆಯನ್ನು ಕೆಡಿಸುತ್ತಿರಬಹುದು. ಒಂದಿಷ್ಟೇ ನೀರು ಇದ್ದರೆ ಅದು ಸಂದಿನಲ್ಲಿ ಕೂತು ಅಲ್ಲಾಟ ತಗ್ಗಿಸುತ್ತದೆ. ಹೆಚ್ಚಾದರೆ ಎಲ್ಲರನ್ನೂ ಸಡಿಲ ಮಾಡುತ್ತದೆ. ಇದನ್ನು ಪುಸ್ತಕದಲ್ಲಿ ಓದಿದ್ದೆ, ನನ್ನ ಮಾದರಿಗೆ ಅನ್ವಯಿಸಿ ನೋಡುವ ಬುದ್ಧಿ ಬಂದಿರಲಿಲ್ಲ. ನೀರು ಅಂದರೆ ನನಗೆ ಭಯ, ಯಾಕೆ ಎಂದು ನಿಮಗೆ ಗೊತ್ತು. ಒಂದು ಹನಿಯೂ ಇರಬಾರದೆಂದು ಒಣಗಿಸಿ ಒಣಗಿಸಿ ನಾನೇ ಕೆಡಿಸುತ್ತಿದ್ದೆನೇನೋ.

ಹತ್ತು ದಿನದ ಹಿಂದೆ ಮಾದರಿಗಳ ಹೊಸ ಸಾಲು ಇಟ್ಟಿದ್ದೇನೆ, ಒಂದಿಷ್ಟು ಉಸಿರು ಕುಡಿಸಿ. ಮೇಡಂ "ಎಷ್ಟು ಹೊತ್ತು?" ಎಂದು ಕೇಳಿದರು. "ನಮ್ಮಪ್ಪ ಒಂದು ಲೋಟ ಟೀ ಕುಡಿಯುವಷ್ಟು ಹೊತ್ತಿನಿಂದ ಶುರು ಮಾಡೋಣ," ಅಂದೆ. ಅವರು ನೋಟ್‌ಬುಕ್ಕಿನಲ್ಲಿ ಹಾಗೇ ಬರೆದುಕೊಂಡರು.

ನಿಮ್ಮ ಮಗಳು


ಮೇ 30

ಮಗಳೇ,

ನಿನ್ನ ಲೆಕ್ಕದ ಕಾಗದವನ್ನು ದೊರೆಗೆ ಓದಿ ಹೇಳಿದೆ, ಬಲಗಡೆ ಕೂತು. ಮುಚ್ಚಳದ ವಿಷಯವನ್ನೂ ಶಾಲಿನ ವಿಷಯವನ್ನೂ ಮುಚ್ಚಿಡಲಿಲ್ಲ. ಅವನು ಸುಮಾರು ಹೊತ್ತು ಕನ್ನಡಕ ಒರೆಸಿಕೊಂಡ. ಆಮೇಲೆ, "ಅಂತೂ ಒಂದು ಕಿವಿಗೆ ಇಷ್ಟೊಂದು ಜನ ಕೈ ಸೇರಿಸಿದ್ರಾ? ನಾನು ನಿಜವಾಗ್ಲೂ ದೊಡ್ಡ ನಟ ಕಣಯ್ಯಾ," ಅಂದ. ಚೂರಮ್ಮನಿಗೆ ಸಿಟ್ಟಿಲ್ಲ ಎಂದು ಬರಿ ಅಂದಿದ್ದಾನೆ. ಬರೆದಿದ್ದೇನೆ.

ಬಾಟಲಿ ಮಾಡಲು ಒಪ್ಪಿಕೊಂಡೆ. ಗ್ಲೂಕೋಸ್ ಕಡಿಮೆ, ಪಾಕ ಇನ್ನೂ ಗಟ್ಟಿ. ಇಪ್ಪತ್ತು ಮಾಡಿ ಇಪ್ಪತ್ತನ್ನೂ ಒಡೆದಿದ್ದೇನೆ. ಈಗ ಕುಂಡದ ಬದಲು ಹಳೆಯ ಹೆಲ್ಮೆಟ್ಟು, ಅಮ್ಮನ ಆಜ್ಞೆ.

ಆದರೆ ದೊರೆ ಹೊಸ ಹಟ ಹಿಡಿದಿದ್ದಾನೆ. ಏಟು ಬಲಗಡೆ ಬೀಳಬೇಕಂತೆ. ಇರುವುದು ಅದೊಂದೇ ಕಿವಿ. "ನಿನಗೇನು ಹುಚ್ಚಾ?" ಎಂದು ಕೂಗಿದೆ. ಅವನು ತಣ್ಣಗೆ, "ಎಡಗಡೆ ಹೊಡೆದ್ರೆ ಒಡೆದದ್ದು ನನಗೆ ಸರಿಯಾಗಿ ಕೇಳ್ಸಲ್ವಲ್ಲ. ಒಂಬತ್ತು ವರ್ಷದಿಂದ ನನ್ನ ತಲೇಲಿ ಆ ದೊಪ್ಪನೆ ಸದ್ದೇ ಇದೆ. ಅದನ್ನ ಓಡಿಸ್ಬೇಕು," ಅಂದ.

ನಿನ್ನನ್ನು ಕೇಳಿ ಹೇಳುತ್ತೇನೆ ಅಂದೆ. ನೀನು ಏನು ಹೇಳುತ್ತೀಯೋ ಅದರ ಮೇಲೆ.

ಇಂತಿ,
ಅಪ್ಪ


ಜೂನ್ 8

ಅಪ್ಪ,

ನಾಲ್ಕು ದಿನ ಯೋಚಿಸಿದೆ. ನೀವು ಕಳಿಸಿದ ಹೊಸ ಚೂರುಗಳನ್ನು ಅಳೆದೆ. ಗೆರೆ ಐವತ್ತರ ಮೇಲಿದೆ. ಬಾಟಲಿ ತಣ್ಣಗಿನ ಜಾಗದಲ್ಲಿರಲಿ, ಮೇಜಿನ ಮೇಲಿರಲಿ, ಯಾರ ಮೈಗೂ ತಾಕದಿರಲಿ. ಮೇಜಿಗೆ ನಾಲ್ಕೂ ಕಾಲಿವೆಯೇ ಎಂದು ನೀವೇ ನೋಡಿ. ಇಷ್ಟು ಮಾಡಿ, ಆಮೇಲೆ ಹೂಂ ಅನ್ನಿ.

ಈ ಸಲ ಭಯದಿಂದ ಮರೆಮಾಚಿದ್ದು ಏನೂ ಇಲ್ಲ, ತಿಳಿದಿರುವುದೆಲ್ಲ ಕಾಗದದ ಮೇಲಿದೆ.

ಆಟದ ದಿನ ನಾನು ಬರಲಾರೆ. ಅವತ್ತೇ ಹೊಸ ಸಾಲನ್ನು ಬಿಸಿಪೆಟ್ಟಿಗೆಯಿಂದ ತೆಗೆಯಬೇಕು, ಹಿಂದೆ ಮುಂದೆ ಮಾಡುವಂತಿಲ್ಲ. ಹೋದ ವಾರ ಎರಡು ಮಾದರಿ ತೆಗೆದು ನೋಡಿದೆವು. ಆರು ವಾರ ದಾಟಿದೆ, ಎರಡೂ ಕೆಟ್ಟಿಲ್ಲ. ಮೇಡಂ ಮತ್ತೆ ಬೈಯಲು ಶುರು ಮಾಡಿದ್ದಾರೆ.

ಜೂನ್ ಕಡೆಯ ಭಾನುವಾರ ಮನೆಗೆ ಬರುತ್ತೇನೆ, ಒಂದೇ ದಿನಕ್ಕೆ. ಬಾಟಲಿಗಳನ್ನು ಡಬ್ಬಕ್ಕೆ ತುಂಬುವುದನ್ನು ಅಲ್ಲಿಯವರೆಗೆ ತಡೆಯಿರಿ. ಮುಚ್ಚಳ ನಾನು ಹಾಕುತ್ತೇನೆ.

ನಿಮ್ಮ ಮಗಳು


ಜುಲೈ 7

ಚೂರಮ್ಮನಿಗೆ, ದೊರೆ ಮಾವ ಮಾಡುವ ಆಶೀರ್ವಾದಗಳು.

ನಿಮ್ಮಪ್ಪ ಬರೆಯುತ್ತೇನೆ ಅಂದ. ನಾನು ಬಿಡಲಿಲ್ಲ. ಏಟು ತಿಂದವನು ನಾನು, ಕಾಗದವೂ ನನ್ನದೇ.

ಶನಿವಾರ ಮಧ್ಯಾಹ್ನದ ಆಟ. ಮುಂದಿನ ಸಾಲಿನಲ್ಲಿ ನಿಮ್ಮಮ್ಮ. ನಿಮ್ಮಪ್ಪ ಬೆಳಗಿನಿಂದ ಮೇಜಿನ ಕಾಲುಗಳನ್ನು ಹನ್ನೊಂದು ಸಲ ಅಲ್ಲಾಡಿಸಿ ನೋಡಿದ, ನಾನೇ ಎಣಿಸಿದೆ. ಡಬ್ಬದ ಮುಚ್ಚಳದ ಮೇಲೆ ನೀನು ಬರೆದಿದ್ದ ಚೀಟಿಯನ್ನೂ ಓದಿದೆ. "ಮುಚ್ಚಿದವಳು ನಾನು, ಭಾನುವಾರ, ಸಂಜೆ ನಾಲ್ಕು ಗಂಟೆ." ಡಬ್ಬ ತೆರೆಯುವ ಮೊದಲು ನಿಮ್ಮಪ್ಪ ಆ ಚೀಟಿಯನ್ನು ಹರಿಯದ ಹಾಗೆ ಉಗುರಿನಿಂದ ಬಿಡಿಸಿ ಜೇಬಿಗೆ ಹಾಕಿಕೊಂಡ.

ಮೂರನೇ ಅಂಕದಲ್ಲಿ ಹುಡುಗಿ ಬಾಟಲಿ ಎತ್ತಿಕೊಂಡಾಗ ಸೈಡ್ ವಿಂಗಿನ ಕಡೆ ನೋಡಿದೆ. ನೋಡಬಾರದು, ಪಾತ್ರ ಕೆಡುತ್ತದೆ. ಆದರೂ ನೋಡಿದೆ. ನಿಮ್ಮಪ್ಪ ಮುಚ್ಚಳವನ್ನು ಎರಡು ಕೈಯಲ್ಲಿ ಎದೆಗೆ ಅವುಚಿಕೊಂಡು, ಕಣ್ಣು ಮುಚ್ಚಿ ನಿಂತಿದ್ದ. ನಾನು ಬಲಗಿವಿ ಕೊಟ್ಟೆ.

ಕೇಳಿಸಿತು ಕಣಮ್ಮ. ಮೊದಲು ಛಳ್ ಅಂತ ದೊಡ್ಡದಾಗಿ, ಆಮೇಲೆ ಭುಜದ ಮೇಲೆ, ನೆಲದ ಮೇಲೆ ಸಣ್ಣ ಸಣ್ಣದಾಗಿ, ಕಡೆಯ ಚೂರು ಉರುಳಿ ನಿಲ್ಲುವವರೆಗೂ. ನಾನು ತಕ್ಷಣ ಎದ್ದು ಮಾತಾಡಬೇಕಿತ್ತು. ಏಳಲಿಲ್ಲ. ಕೇಳುತ್ತ ಹಾಗೇ ಕೂತುಬಿಟ್ಟೆ. ಜನ ಅದನ್ನು ಅಭಿನಯ ಅಂದುಕೊಂಡು ಚಪ್ಪಾಳೆ ಹೊಡೆದರು.

ಪರದೆ ಬಿದ್ದ ಮೇಲೆ ನಿಮ್ಮಪ್ಪ ಬಂದು ನನ್ನ ಎಡಗಡೆ ನಿಂತು ಏನೋ ಹೇಳಿದ. ಏನೆಂದು ನಾನು ಕೇಳಲಿಲ್ಲ, ಅವನೂ ಬಲಗಡೆಗೆ ಬಂದು ಹೇಳಲಿಲ್ಲ. ಇಬ್ಬರೂ ಬಗ್ಗಿ ಚೂರು ಆರಿಸಿದೆವು. ಸೋಮವಾರದಿಂದ ಸಾಮಾನು ಕೋಣೆಯ ಕೀಲಿಕೈ ಮತ್ತೆ ಅವನ ಹತ್ತಿರ ಇರುತ್ತದೆ.

ನಿನ್ನ ಲಸಿಕೆಗಳು ಅವತ್ತು ಪೆಟ್ಟಿಗೆಯಿಂದ ಚೆನ್ನಾಗಿಯೇ ಹೊರಬಂದವು ಎಂದು ಅಮ್ಮ ಹೇಳಿದರು. ಸಂತೋಷ. ದೂರದ ಊರುಗಳ ಮಕ್ಕಳ ಕೈಗೆ ಅದು ತಲುಪಿದಾಗ ನನ್ನ ಕಿವಿಯನ್ನೂ ಒಮ್ಮೆ ನೆನೆಸಿಕೋ.

ಇದರ ಜೊತೆ ಡಬ್ಬಿಯಲ್ಲಿ, ಸುಣ್ಣದ ಗಂಟಿನ ಪಕ್ಕ, ಒಂದು ಚೂರು ಇದೆ. ಬಾಟಲಿಯ ಕತ್ತಿನದು. ನಿನಗೆ ಕಳಿಸಬೇಕೆಂದು ನಿಮ್ಮಪ್ಪನೇ ಆರಿಸಿ, ತೊಳೆದ ಕೈಯಿಂದಲೇ ಎತ್ತಿಟ್ಟ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: ಇದನ್ನು ಅಳೆಯಬೇಡ, ಬಾಯಿಗೆ ಹಾಕಿಕೋ.

ನಿನ್ನ
ದೊರೆ ಮಾವ